ಗರ್ಭದಲ್ಲಿರುವ ಮಗು: ಕಾನೂನು ಏನನ್ನುತ್ತದೆ, ನೀತಿ ಏನನ್ನುತ್ತದೆ

ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರೈತನೊಬ್ಬ ಉಯಿಲು ಬರೆಯದೆ ತೀರಿಕೊಂಡನೆಂದು ಭಾವಿಸೋಣ. ಮನೆಯಲ್ಲಿ ಉಳಿದವರು ಅವನ ತಾಯಿ ಮತ್ತು ಐದು ತಿಂಗಳ ಬಸುರಿಯಾದ ಹೆಂಡತಿ. ಸ್ವಂತ ದುಡಿಮೆಯಿಂದ ಕೊಂಡ ಮೂರು ಎಕರೆ ಟೊಮೆಟೊ ತೋಟ ಅವನ ಹೆಸರಿನಲ್ಲಿದೆ. ತಿಥಿ ಕಳೆದ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕಲು ವಂಶವೃಕ್ಷ ಬರೆಸಬೇಕು. ಅದರಲ್ಲಿ ವಾರಸುದಾರರೆಂದು ಇಬ್ಬರನ್ನು ತೋರಿಸಬೇಕೆ, ಮೂವರನ್ನು ತೋರಿಸಬೇಕೆ?

ಈ ಪ್ರಶ್ನೆಯನ್ನು ಎದುರಿಸುವಾಗ ಕಾನೂನು ಗರ್ಭದಲ್ಲಿರುವುದು ಪೂರ್ಣ ಮನುಷ್ಯನೇ, ಅದಕ್ಕೆ ಆತ್ಮವಿದೆಯೇ ಎಂದು ವಿಚಾರಿಸಲು ಹೋಗುವುದಿಲ್ಲ. ಯಾವ ಕೆಲಸಕ್ಕಾಗಿ ಕೇಳುತ್ತಿದ್ದೀರಿ ಎಂಬುದೊಂದನ್ನೇ ನೋಡಿ, ಆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಉತ್ತರ ಕೊಡುತ್ತದೆ. ಆಸ್ತಿ ಹಂಚುವಾಗ ಕೊಡುವ ಉತ್ತರ ಬೇರೆ, ಅಪರಾಧ ನಿರ್ಧರಿಸುವಾಗ ಕೊಡುವುದು ಬೇರೆ, ಜನನ ಮರಣ ನೋಂದಣಿಯಲ್ಲಿ ಮತ್ತು ಗರ್ಭಪಾತದ ಪ್ರಶ್ನೆಯಲ್ಲಿ ಕೊಡುವುದು ಮತ್ತೂ ಬೇರೆ. ಒಂದು ಕಡೆಯ ಉತ್ತರವನ್ನು ಎತ್ತಿ ಇನ್ನೊಂದು ಕಡೆ ಅಂಟಿಸಲು ಹೋದಾಗಲೇ ಈ ವಿಷಯದ ಚರ್ಚೆಗಳೆಲ್ಲ ದಾರಿ ತಪ್ಪುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಆಸ್ತಿಯನ್ನೇ ನೋಡೋಣ, ಏಕೆಂದರೆ ಗರ್ಭಸ್ಥ ಶಿಶುವಿಗೆ ನಮ್ಮ ಕಾನೂನು ಅತ್ಯಂತ ಉದಾರವಾಗಿರುವುದು ಇಲ್ಲಿಯೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೆಯ ಕಲಂ ಪ್ರಕಾರ, ಒಬ್ಬನು ಉಯಿಲಿಲ್ಲದೆ ಸತ್ತಾಗ ಗರ್ಭದಲ್ಲಿದ್ದು ಆಮೇಲೆ ಜೀವಂತವಾಗಿ ಹುಟ್ಟಿದ ಮಗುವಿಗೆ, ಆ ಸಾವಿಗೆ ಮೊದಲೇ ಹುಟ್ಟಿದ್ದರೆ ಎಷ್ಟು ಹಕ್ಕು ಇರುತ್ತಿತ್ತೋ ಅಷ್ಟೇ ಹಕ್ಕು ಇರುತ್ತದೆ. ಆ ಹಕ್ಕು ಲೆಕ್ಕಕ್ಕೆ ಬರುವುದು ಮಗು ಹುಟ್ಟಿದ ದಿನದಿಂದಲ್ಲ, ತಂದೆ ಸತ್ತ ದಿನದಿಂದ. ಅಂದರೆ ನಮ್ಮ ಉದಾಹರಣೆಯಲ್ಲಿ ತಾಯಿ, ಹೆಂಡತಿ, ಮಗು ಮೂವರೂ ಮೊದಲನೆಯ ವರ್ಗದ ವಾರಸುದಾರರಾಗಿ ತಲಾ ಒಂದೊಂದು ಎಕರೆಗೆ ಹಕ್ಕುದಾರರಾಗುತ್ತಾರೆ. ಹೆರಿಗೆಗೆ ಮುಂಚೆಯೇ ಇಬ್ಬರ ಹೆಸರಿಗೆ ಖಾತೆ ಆಗಿಬಿಟ್ಟರೂ ಮಗುವಿನ ಹಕ್ಕು ಅಳಿಯುವುದಿಲ್ಲ, ಏಕೆಂದರೆ ಖಾತೆ ಕಂದಾಯದ ಲೆಕ್ಕಕ್ಕಾಗಿ ಇರುವುದೇ ಹೊರತು ಅದು ಹಕ್ಕನ್ನು ಹುಟ್ಟಿಸುವುದೂ ಇಲ್ಲ, ಇಲ್ಲವಾಗಿಸುವುದೂ ಇಲ್ಲ. ಆದರೂ ಹೆರಿಗೆಯಾಗುವವರೆಗೆ ಅರ್ಜಿಯನ್ನು ತಡೆದಿಡುವುದೋ, ಸೊಸೆ ಗರ್ಭಿಣಿ ಎಂಬುದನ್ನು ಅರ್ಜಿಯಲ್ಲಿಯೇ ಬರೆಸುವುದೋ ಜಾಣತನ. ಪಹಣಿಯಲ್ಲಿ ಹೆಸರಿಲ್ಲದ ಪಾಲನ್ನು ಮುಂದೆ ಬಿಡಿಸಿಕೊಳ್ಳಲು ಆ ತಾಯಿ ಎಷ್ಟು ವರ್ಷ ಸಿವಿಲ್ ಕೋರ್ಟಿಗೆ ಅಲೆಯಬೇಕಾದೀತು ಎಂಬುದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ಇಡೀ ಹಕ್ಕು ನಿಂತಿರುವುದು "ಜೀವಂತವಾಗಿ ಹುಟ್ಟಿದ" ಎಂಬ ಷರತ್ತಿನ ಮೇಲೆ. ತಾಯಿಯ ದೇಹದಿಂದ ಪೂರ್ತಿ ಹೊರಬಂದ ಮೇಲೆ ಮಗು ಒಮ್ಮೆ ಉಸಿರಾಡಿದರೂ, ಜೀವದ ಬೇರಾವ ಕುರುಹು ತೋರಿದರೂ ಅದು ಜೀವಂತ ಜನನ. ಆ ಮಗು ಒಂದು ಗಂಟೆ ಬದುಕಿ ತೀರಿಕೊಂಡಿತು ಎನ್ನಿ. ಅಷ್ಟು ಹೊತ್ತಿನಲ್ಲಿ ಅದು ಒಂದು ಎಕರೆಯ ಒಡೆತನ ಪಡೆದು, ಆ ಎಕರೆಯನ್ನು ತನ್ನ ವಾರಸುದಾರರಿಗೆ ಬಿಟ್ಟುಹೋಗಿರುತ್ತದೆ. ಮಗು ಗಂಡಾಗಿದ್ದರೆ ಅದರ ಮೊದಲ ವರ್ಗದ ವಾರಸುದಾರಳು ತಾಯಿಯೊಬ್ಬಳೇ ಆದ್ದರಿಂದ ಆಕೆಗೆ ಎರಡು ಎಕರೆ, ಅತ್ತೆಗೆ ಒಂದು ಎಕರೆ ಆಗುತ್ತದೆ. ಮಗು ಹೆಣ್ಣಾಗಿದ್ದರೆ ಲೆಕ್ಕ ಬದಲಾಗುತ್ತದೆ. ಅದೇ ಕಾಯ್ದೆಯ 15ನೆಯ ಕಲಂ, ಮಕ್ಕಳಿಲ್ಲದ ಹೆಣ್ಣಿಗೆ ತಂದೆಯಿಂದ ಅಥವಾ ತಾಯಿಯಿಂದ ಬಂದ ಆಸ್ತಿ ತಂದೆಯ ವಾರಸುದಾರರಿಗೇ ಮರಳಬೇಕೆನ್ನುತ್ತದೆ, ತಂದೆಯ ವಾರಸುದಾರರೆಂದರೆ ಇಲ್ಲಿ ಅವನ ಹೆಂಡತಿ ಮತ್ತು ತಾಯಿ. ಹಾಗಾಗಿ ಸೊಸೆಗೆ ಒಂದೂವರೆ, ಅತ್ತೆಗೆ ಒಂದೂವರೆ. ಮಗು ಹೊಟ್ಟೆಯಲ್ಲಿಯೇ ಸತ್ತು ಹುಟ್ಟಿದ್ದರೂ ಇದೇ ಒಂದೂವರೆ. ಹೆಸರಿಡುವಷ್ಟೂ ಬದುಕದ ಕೂಸಿನ ಲಿಂಗದ ಮೇಲೆ ಅರ್ಧ ಎಕರೆ ಅತ್ತಿಂದಿತ್ತ ಆಗುತ್ತದೆಂಬುದು ಯಾವ ನ್ಯಾಯದ ದೃಷ್ಟಿಯಿಂದಲೂ ಸಮರ್ಥಿಸಲಾಗದ ವಿಚಿತ್ರ. ಹೆರಿಗೆ ಕೋಣೆಯಲ್ಲಿದ್ದವರು ಮಗು ಅತ್ತಿತೇ ಇಲ್ಲವೇ ಎಂದು ಬರೆದಿಟ್ಟ ಒಂದು ಸಾಲು ಇಂಥ ಕಡೆ ಕ್ರಯಪತ್ರದಷ್ಟೇ ತೂಕದ ದಾಖಲೆಯಾಗಿಬಿಡುತ್ತದೆ.

ಪಿತ್ರಾರ್ಜಿತ ಆಸ್ತಿಯಲ್ಲಿಯೂ ಗರ್ಭಸ್ಥ ಶಿಶುವನ್ನು ಮರೆಯುವಂತಿಲ್ಲ. ಪಾಲುಪಾರಿಕತ್ತು ಆಗುವ ಹೊತ್ತಿಗೆ ಗರ್ಭದಲ್ಲಿದ್ದ ಮಗುವಿಗೆ ಪಾಲು ಮೀಸಲಿಡದಿದ್ದರೆ, ಹುಟ್ಟಿದ ಮೇಲೆ ಆ ವಿಭಾಗವನ್ನು ಮತ್ತೆ ತೆರೆಸುವ ಹಕ್ಕು ಅದಕ್ಕಿದೆ ಎಂಬುದು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಗೆ ಅನ್ವಯಿಸುವ ಮಿತಾಕ್ಷರ ಪದ್ಧತಿಯ ಹಳೆಯ ನಿಯಮ. ಹಿಂದೆ ಇದು ಗಂಡು ಮಗುವಿನ ಮಾತಾಗಿತ್ತು; ಕರ್ನಾಟಕ 1994ರಲ್ಲಿ ರಾಜ್ಯ ತಿದ್ದುಪಡಿಯ ಮೂಲಕ, ಕೇಂದ್ರ 2005ರಲ್ಲಿ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಸಮಾನ ಪಾಲುದಾರರನ್ನಾಗಿ ಮಾಡಿದ ಮೇಲೆ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂಬುದು ಇಲ್ಲಿ ಮುಖ್ಯವಲ್ಲ. ಮಾಲೂರು, ಬಂಗಾರಪೇಟೆ ಕಡೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಜಮೀನು ಹೋದಾಗ, ನರಸಾಪುರ ವೇಮಗಲ್ ಸುತ್ತ ಕೈಗಾರಿಕೆಗೆ ಜಮೀನು ಹೋದಾಗ, ಪರಿಹಾರದ ಹಣ ಹಂಚಿಕೊಳ್ಳಲು ಅವಸರದಲ್ಲಿ ಪಾರಿಕತ್ತು ಮಾಡಿಕೊಳ್ಳುವ ಕುಟುಂಬಗಳು ಈ ನಿಯಮವನ್ನು ನೆನಪಿಟ್ಟುಕೊಂಡರೆ ಒಳಿತು. ಹುಟ್ಟಿದ ಮೇಲೆ ಮಗುವಿಗೆ ಬಂದ ಸ್ವತಂತ್ರ ಪಾಲನ್ನು ತಾಯಿ ಮಾರಬೇಕಾದರೆ ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು. ಅನುಮತಿಯಿಲ್ಲದೆ ಮಾರಿದ್ದರೆ ಆ ಮಗು ಪ್ರಾಪ್ತ ವಯಸ್ಸಿಗೆ ಬಂದ ಮೂರು ವರ್ಷದೊಳಗೆ ಅದನ್ನು ಪ್ರಶ್ನಿಸಬಹುದು. ಮುಸ್ಲಿಂ ಉತ್ತರಾಧಿಕಾರದಲ್ಲಿಯೂ ಗರ್ಭಸ್ಥ ಶಿಶುವಿಗೆ ಪಾಲು ಕಾದಿರಿಸುವ ಕ್ರಮವಿದೆ, ಜೀವಂತವಾಗಿ ಹುಟ್ಟಬೇಕೆಂಬ ಷರತ್ತು ಅಲ್ಲಿಯೂ ಹಾಗೆಯೇ ಇದೆ.

ಇನ್ನೂ ಗರ್ಭದಲ್ಲಿಯೂ ಮೂಡದ ಮೊಮ್ಮಗನಿಗೆ ಆಸ್ತಿ ಕೊಡುವ ಅಜ್ಜಂದಿರ ಆಸೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 13 ಮತ್ತು 14ನೆಯ ಕಲಂಗಳು ಸ್ವಲ್ಪ ದಾರಿ ಬಿಟ್ಟಿವೆ. ನೇರವಾಗಿ ಕೊಡಲಾಗದು, ನಡುವೆ ಬದುಕಿರುವ ಒಬ್ಬರಿಗೆ ಅನುಭೋಗದ ಹಕ್ಕು ಕೊಟ್ಟು, ಅವರ ನಂತರ ಉಳಿದದ್ದನ್ನೆಲ್ಲ ಪೂರ್ತಿಯಾಗಿ ಆ ಮಗುವಿಗೆ ಸೇರುವಂತೆ ಬರೆಯಬೇಕು.

ಈ ಉದಾರತೆಯನ್ನು ನೋಡಿ ಕಾನೂನು ಗರ್ಭಸ್ಥ ಶಿಶುವನ್ನು ವ್ಯಕ್ತಿಯೆಂದೇ ಒಪ್ಪಿದೆ ಎಂದು ತೀರ್ಮಾನಿಸುವವರು ಜನನ ಮರಣ ನೋಂದಣಿಯ 1969ರ ಕಾಯ್ದೆಯನ್ನು ಓದಬೇಕು. ಅದರಲ್ಲಿ ಜನನವೆಂದರೆ ಜೀವಂತ ಜನನವೂ ಹೌದು, ನಿರ್ಜೀವ ಜನನವೂ ಹೌದು. ಮರಣವೆಂದರೆ ಮಾತ್ರ ಜೀವಂತವಾಗಿ ಹುಟ್ಟಿದ ನಂತರ ಜೀವದ ಕುರುಹು ಶಾಶ್ವತವಾಗಿ ಇಲ್ಲವಾಗುವುದು. ಹೀಗಾಗಿ 28 ವಾರ ತುಂಬಿದ ಮೇಲೆ ಹೊಟ್ಟೆಯಲ್ಲಿಯೇ ತೀರಿಕೊಂಡ ಮಗು ನಿರ್ಜೀವ ಜನನವೆಂದು ಪ್ರತ್ಯೇಕ ನಮೂನೆಯಲ್ಲಿ ನೋಂದಣಿಯಾಗುತ್ತದೆ, ಮರಣದ ಪುಸ್ತಕಕ್ಕೆ ಎಂದೂ ಹೋಗುವುದಿಲ್ಲ. ಹುಟ್ಟಿತು ಎಂದು ದಾಖಲೆ ಇರುತ್ತದೆ, ಸತ್ತಿತು ಎಂದು ಇರುವುದಿಲ್ಲ. 28 ವಾರಕ್ಕೆ ಮುಂಚೆ ಕಳೆದುಹೋದ ಗರ್ಭಕ್ಕೆ ಆ ಪುಸ್ತಕದಲ್ಲಿ ಜಾಗವೇ ಇಲ್ಲ. ಆಶಾ ಕಾರ್ಯಕರ್ತೆ ಬರೆಸಿಕೊಟ್ಟ ತಾಯಿ ಕಾರ್ಡಿನಲ್ಲಿ ತಪಾಸಣೆಯ ದಿನಾಂಕಗಳಷ್ಟೇ ಉಳಿದಿರುತ್ತವೆ. ಆ ನಷ್ಟವನ್ನು ಗುರುತಿಸುವ ಕಾನೂನು ಬೇರೆ ಕಡೆ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದ ಬಂದ ನಿಯಮದಂತೆ, ಗರ್ಭಸ್ರಾವವಾದ ಅಥವಾ ವೈದ್ಯಕೀಯ ಗರ್ಭಪಾತ ಮಾಡಿಸಿಕೊಂಡ ಉದ್ಯೋಗಸ್ಥ ಹೆಣ್ಣಿಗೆ ಆರು ವಾರಗಳ ಸಂಬಳಸಹಿತ ರಜೆ ಸಿಗಬೇಕು. ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಜಿಲ್ಲೆಯ ಎಷ್ಟು ಹೆಣ್ಣುಮಕ್ಕಳಿಗೆ ಇದು ತಿಳಿದಿದೆಯೋ!

ಅಪರಾಧ ಕಾನೂನಿನ ನಿಲುವು ಇದಕ್ಕಿಂತ ಸೂಕ್ಷ್ಮ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, ಹಳೆಯ ದಂಡ ಸಂಹಿತೆಯ ಮಾತನ್ನೇ ಉಳಿಸಿಕೊಂಡು, ತಾಯಿಯ ಗರ್ಭದಲ್ಲಿರುವ ಮಗುವಿನ ಸಾವಿಗೆ ಕಾರಣವಾಗುವುದು ನರಹತ್ಯೆಯಲ್ಲ ಎಂದು 100ನೆಯ ಕಲಂನ ವಿವರಣೆಯಲ್ಲಿ ಸ್ಪಷ್ಟಪಡಿಸುತ್ತದೆ. ಮಗುವಿನ ಯಾವುದೇ ಅಂಗ ಹೊರಬಂದಿದ್ದರೆ, ಉಸಿರಾಡದಿದ್ದರೂ, ಪೂರ್ತಿ ಹುಟ್ಟದಿದ್ದರೂ ಅದು ನರಹತ್ಯೆಯಾಗಬಹುದು. ಅಂದಮಾತ್ರಕ್ಕೆ ಗರ್ಭಕ್ಕೆ ರಕ್ಷಣೆಯಿಲ್ಲವೆಂದಲ್ಲ, 88ರಿಂದ 92ರವರೆಗಿನ ಕಲಂಗಳು ಅದಕ್ಕಾಗಿಯೇ ಇವೆ. ಹೆಣ್ಣಿನ ಜೀವ ಉಳಿಸುವ ಸದುದ್ದೇಶವಿಲ್ಲದೆ ಗರ್ಭಪಾತ ಮಾಡಿದರೆ ಮೂರು ವರ್ಷದವರೆಗೆ, ಮಗು ಮಿಸುಕಾಡುವ ಹಂತ ತಲುಪಿದ್ದರೆ ಏಳು ವರ್ಷದವರೆಗೆ ಸಜೆ. ಹೆಣ್ಣಿನ ಒಪ್ಪಿಗೆಯೇ ಇಲ್ಲದೆ ಮಾಡಿದರೆ ಜೀವಾವಧಿಯವರೆಗೂ ಶಿಕ್ಷೆ ಏರಬಹುದು. ಗರ್ಭಿಣಿಯನ್ನು ಕೊಲ್ಲುವಂಥ ಹಲ್ಲೆ ನಡೆದು ಆಕೆ ಬದುಕಿ, ಹೊಟ್ಟೆಯಲ್ಲಿ ಮಿಸುಕಾಡುತ್ತಿದ್ದ ಮಗು ಸತ್ತರೆ ಹತ್ತು ವರ್ಷದವರೆಗೆ ಶಿಕ್ಷೆಯಿದೆ. ಈ ಶಿಕ್ಷೆಗಳ ಏಣಿಯನ್ನು ಗಮನಿಸಿದರೆ ಎರಡು ಸಂಗತಿ ಎದ್ದು ಕಾಣುತ್ತವೆ: ಗರ್ಭ ಬೆಳೆದಂತೆ ಅದರ ತೂಕ ಹೆಚ್ಚುತ್ತದೆ, ಮತ್ತು ಅತ್ಯಂತ ಕಠಿಣ ಶಿಕ್ಷೆ ಮೀಸಲಾಗಿರುವುದು ಹೆಣ್ಣಿನ ಇಚ್ಛೆಯನ್ನು ತುಳಿದವರಿಗೆ. ಗರ್ಭಿಣಿಗೆ ಮರಣದಂಡನೆಯಾಗಿದ್ದರೆ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಬೇಕೆಂಬ ನಿಯಮವೂ ಅಪರಾಧ ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ.

ಇಲ್ಲಿ ಒಂದು ಮುಳ್ಳಿದೆ. 88ನೆಯ ಕಲಂ ತನ್ನ ಗರ್ಭವನ್ನು ತಾನೇ ತೆಗೆಸಿಕೊಂಡ ಹೆಣ್ಣನ್ನೂ ಅಪರಾಧಿಯೆನ್ನುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ 1860ರಲ್ಲಿಯೇ ಬರೆದಿದ್ದ ಈ ನಿಯಮದಿಂದ ಹೆದರಿದ ಹೆಣ್ಣುಮಕ್ಕಳು ಕದ್ದುಮುಚ್ಚಿ ಸೂಲಗಿತ್ತಿಯರ ಬಳಿಗೋ, ನಾಟಿ ಔಷಧಿಯ ಕಡೆಗೋ ಹೋಗಿ ಪ್ರಾಣ ಕಳೆದುಕೊಳ್ಳುತ್ತಿದ್ದುದರಿಂದಲೇ, ಶಾಂತಿಲಾಲ್ ಷಾ ಸಮಿತಿಯ ಶಿಫಾರಸಿನ ಮೇಲೆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂದಿತು. ಅದು ಹೆಣ್ಣಿಗೆ ಹಕ್ಕು ಕೊಟ್ಟ ಕಾಯ್ದೆ ಎಂದು ಬಹಳ ಜನ ತಿಳಿದಿದ್ದಾರೆ, ಆದರೆ ಅದರ ಒಕ್ಕಣೆ ನೋಡಿದರೆ ಕಾಣುವುದು ಷರತ್ತು ಪಾಲಿಸಿದ ವೈದ್ಯರನ್ನು ಶಿಕ್ಷೆಯಿಂದ ಪಾರುಮಾಡುವ ವ್ಯವಸ್ಥೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಅದೂ ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತೆಯರು, ಬಸುರಿಯಾಗಿರುವಾಗ ವಿಧವೆಯಾದವರು ಅಥವಾ ವಿಚ್ಛೇದಿತರಾದವರು, ಅಂಗವಿಕಲರು ಮುಂತಾದ ಗೊತ್ತಾದ ವರ್ಗಗಳಿಗೆ ಮಾತ್ರ. ಭ್ರೂಣದಲ್ಲಿ ಗಂಭೀರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ಹೇಳಿದರೆ ವಾರದ ಮಿತಿಯಿಲ್ಲ. ತಾಯಿಯ ಜೀವ ಉಳಿಸಲು ಕೂಡಲೇ ಮಾಡಬೇಕಾದಾಗಲೂ ಮಿತಿಯಿಲ್ಲ.

ಒಪ್ಪಿಗೆಯ ವಿಷಯದಲ್ಲಿ ಕಾಯ್ದೆ ಸ್ಪಷ್ಟವಾಗಿದೆ. 18 ತುಂಬಿದ, ಮಾನಸಿಕ ಅಸ್ವಸ್ಥತೆಯಿಲ್ಲದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಾಗಿಲ್ಲ, ಅತ್ತೆಮಾವಂದಿರ ಸಹಿಯಂತೂ ಬೇಕೇ ಇಲ್ಲ. ಆದರೂ "ಯಜಮಾನರನ್ನು ಕರೆದುಕೊಂಡು ಬನ್ನಿ" ಎಂದು ಮಹಿಳೆಯನ್ನು ವಾಪಸು ಕಳಿಸುವ ರೂಢಿ ಹೋಗಿಲ್ಲ, ಹಾಗೆ ಕಳಿಸಿದ ಒಂದೊಂದು ವಾರವೂ 20ರ ಗೆರೆಯ ಕಡೆಗೆ ಒಂದೊಂದು ಹೆಜ್ಜೆ. ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದಾದ್ದರಿಂದ, ಮುಟ್ಟು ನಿಂತಿತೆಂದು ಅನುಮಾನ ಬರುವ ಹೊತ್ತಿಗೇ ನಾಲ್ಕೈದು ವಾರ ಲೆಕ್ಕಕ್ಕೆ ಸೇರಿಬಿಟ್ಟಿರುತ್ತವೆ ಎಂಬುದನ್ನು ಇದರ ಜೊತೆಗೆ ಓದಿಕೊಳ್ಳಬೇಕು.

ಸುಪ್ರೀಂ ಕೋರ್ಟ್ 2009ರಲ್ಲಿ, ಮಕ್ಕಳನ್ನು ಹೆರುವ ಅಥವಾ ಹೆರದಿರುವ ಆಯ್ಕೆ ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಹೇಳಿತು. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಅವಿವಾಹಿತೆಯರಿಗೂ 24 ವಾರದವರೆಗಿನ ಸೌಲಭ್ಯ ಸಿಗಬೇಕೆಂದಿತು. ಆದರೆ 2023ರ ಅಕ್ಟೋಬರ್‌ನಲ್ಲಿ ಬಂದ ಪ್ರಕರಣ ಈ ದಾರಿ ಎಲ್ಲಿಗೆ ಮುಟ್ಟಿ ನಿಲ್ಲುತ್ತದೆಂಬುದನ್ನು ತೋರಿಸಿತು. ಎರಡು ಮಕ್ಕಳ ತಾಯಿ, ಹೆರಿಗೆಯ ನಂತರದ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದವರು, ಎದೆಹಾಲು ಕುಡಿಸುತ್ತಿದ್ದ ಕಾಲದಲ್ಲಿ ಮುಟ್ಟಾಗದ ಕಾರಣ ಮೂರನೆಯ ಬಸಿರು ನಿಂತದ್ದೇ ಗೊತ್ತಾಗದೆ 26 ವಾರದ ಹೊತ್ತಿಗೆ ನ್ಯಾಯಾಲಯಕ್ಕೆ ಬಂದರು. ಮೊದಲು ಅನುಮತಿ ಕೊಟ್ಟ ಇಬ್ಬರು ಮಹಿಳಾ ನ್ಯಾಯಮೂರ್ತಿಗಳ ಪೀಠ, ಭ್ರೂಣ ಬದುಕುಳಿಯುವ ಸಾಧ್ಯತೆಯಿದೆಯೆಂಬ ವೈದ್ಯರ ಮಾತು ಬಂದ ಮೇಲೆ ಒಡೆಯಿತು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಭ್ರೂಣದ ಅಸ್ತಿತ್ವವೇ ತಾಯಿಯನ್ನು ಅವಲಂಬಿಸಿರುವುದರಿಂದ ಆಕೆಯಿಂದ ಬೇರೆಯಾದ ವ್ಯಕ್ತಿತ್ವ ಅದಕ್ಕಿದೆಯೆನ್ನಲಾಗದು, ಆಕೆಯ ನಿರ್ಧಾರವನ್ನು ಗೌರವಿಸಬೇಕು ಎಂದರು. ಅಕ್ಟೋಬರ್ 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು. 24 ವಾರ ದಾಟಿದೆ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಭ್ರೂಣದಲ್ಲಿ ದೋಷವಿಲ್ಲ ಎಂಬುದು ಕಾರಣ. ಭ್ರೂಣಕ್ಕೆ 21ನೆಯ ವಿಧಿಯ ಹಕ್ಕಿದೆಯೆಂದು ಆ ತೀರ್ಪು ಘೋಷಿಸಲಿಲ್ಲ, ಕಾಯ್ದೆಯ ಗೆರೆಯನ್ನು ಎತ್ತಿಹಿಡಿಯಿತು ಅಷ್ಟೆ.

ಭ್ರೂಣಲಿಂಗ ಪತ್ತೆ ನಿಷೇಧಿಸುವ 1994ರ ಕಾಯ್ದೆಯನ್ನು ಈ ಚರ್ಚೆಗೆ ಎಳೆದುತಂದು ಎರಡನ್ನೂ ಕಲಸಿಬಿಡುವುದು ಸಾಮಾನ್ಯ. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸಿ ಹೆಣ್ಣು ಭ್ರೂಣಗಳನ್ನು ತೆಗೆಸುತ್ತಿದ್ದ ಜಾಲ 2023ರ ಕೊನೆಯಲ್ಲಿ ಬಯಲಾದಾಗ, ಗರ್ಭಪಾತವನ್ನೇ ಪೂರ್ತಿ ನಿಷೇಧಿಸಬೇಕೆಂಬ ಕೂಗು ನಮ್ಮಲ್ಲೂ ಕೇಳಿಬಂದಿತ್ತು. ಆ ಕಾಯ್ದೆ ಕಾಪಾಡಲು ಹೊರಟಿರುವುದು ಹೆಣ್ಣನ್ನು ಹೊರೆಯೆಂದು ಎಣಿಸುವ ಸಮಾಜದಿಂದ ಹೆಣ್ಣುಕುಲವನ್ನು. ಅದಕ್ಕೇ ಅದು ಬಸುರಿ ಹೆಣ್ಣನ್ನು ಗಂಡ ಅಥವಾ ನೆಂಟರು ಬಲವಂತ ಮಾಡಿರಬೇಕೆಂದು ಮೊದಲೇ ಭಾವಿಸಿಕೊಳ್ಳುತ್ತದೆ, ತಪ್ಪೆಂದು ಸಾಬೀತಾಗುವವರೆಗೆ. ಲಿಂಗ ನೋಡಿ ತೆಗೆಸುವುದನ್ನು ಖಂಡಿಸುತ್ತಲೇ, ಸಾಕಲಾಗದ ಬಸಿರನ್ನು ಬೇಗನೆ ತೆಗೆಸಿಕೊಳ್ಳುವ ಹೆಣ್ಣಿನ ಪರವಾಗಿ ನಿಲ್ಲುವುದರಲ್ಲಿ ಯಾವ ವಿರೋಧಾಭಾಸವೂ ಇಲ್ಲ.

ನೀತಿಯ ಪ್ರಶ್ನೆಗೆ ಬರೋಣ. ಜೀವ ಮೊದಲ ಕ್ಷಣದಿಂದಲೇ ಪೂರ್ಣ ಮನುಷ್ಯನಿಗೆ ಸಮ ಎಂಬುದು ಒಂದು ತುದಿ. ಕೆಜಿಎಫ್‌ನ ಕ್ಯಾಥೊಲಿಕ್ ಚರ್ಚುಗಳಲ್ಲಿ ಬೋಧಿಸುವುದು ಇದನ್ನೇ. ಹುಟ್ಟುವವರೆಗೆ ಅದಕ್ಕೆ ಯಾವ ಬೆಲೆಯೂ ಇಲ್ಲವೆಂಬುದು ಇನ್ನೊಂದು ತುದಿ. ನಮ್ಮ ಪರಂಪರೆಗಳ ಬಹುಭಾಗ ಇವೆರಡರ ನಡುವೆ ನಿಂತಿದೆ. ಹದೀಸಿನ, ಅಂದರೆ ಪ್ರವಾದಿಯ ನುಡಿಗಳ, ಆಧಾರದ ಮೇಲೆ 120 ದಿನಕ್ಕೆ ಆತ್ಮ ಪ್ರವೇಶವಾಗುತ್ತದೆಂಬುದು ಇಸ್ಲಾಮಿನಲ್ಲಿ ಬಹುಮಾನ್ಯವಾದ ನಂಬಿಕೆ. ಸುಶ್ರುತ ಸಂಹಿತೆ ನಾಲ್ಕನೆಯ ತಿಂಗಳಲ್ಲಿ ಹೃದಯ ವ್ಯಕ್ತವಾಗಿ ಗರ್ಭ ತಾಯಿಯ ಮೂಲಕ ತನ್ನ ಆಸೆಗಳನ್ನು ತೋರಿಸುತ್ತದೆನ್ನುತ್ತದೆ. ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿಗೆ ಕೇಡೆಂದು ನಮ್ಮ ಅಜ್ಜಿಯರು ಹೇಳುವ ಮಾತಿನ ಬೇರು ಅಲ್ಲಿದೆ. ಧರ್ಮಶಾಸ್ತ್ರಗಳು ಭ್ರೂಣಹತ್ಯೆಯನ್ನು ಘೋರ ಪಾಪಗಳ ಸಾಲಿನಲ್ಲಿಟ್ಟಿವೆ ನಿಜ. ಆದರೆ ಗರ್ಭಸ್ರಾವವಾದಾಗ ಎಷ್ಟು ತಿಂಗಳ ಗರ್ಭವೋ ಅಷ್ಟು ರಾತ್ರಿಗಳ ಆಶೌಚ (ಸೂತಕ) ಎಂದು ಮನು ಹೇಳುವಾಗ, ಮೂರು ತಿಂಗಳ ಗರ್ಭಕ್ಕೂ ಏಳು ತಿಂಗಳ ಗರ್ಭಕ್ಕೂ ನಡುವಿನ ಅಂತರವನ್ನು ಆಚರಣೆಯೇ ಒಪ್ಪಿಕೊಂಡಂತಾಯಿತು. ಎಳೆಗೂಸುಗಳನ್ನು ಸುಡದೆ ಹೂಳುವ ರೂಢಿಯಲ್ಲಿಯೂ ಇಂಥದೇ ಮೆಟ್ಟಿಲುಗಳಿವೆ. ಪರೀಕ್ಷಿತ ಉತ್ತರೆಯ ಗರ್ಭದಲ್ಲಿದ್ದಾಗಲೇ ಕುರುವಂಶದ ಉತ್ತರಾಧಿಕಾರಿಯಾಗಿದ್ದನಲ್ಲ ಎನ್ನುವವರಿಗೆ, 20ನೆಯ ಕಲಂ ಹೇಳುವುದೂ ಅದನ್ನೇ, ಜೀವಂತವಾಗಿ ಹುಟ್ಟಬೇಕು ಎಂಬ ಷರತ್ತಿನೊಂದಿಗೆ ಎಂದು ಉತ್ತರಿಸಬಹುದು.

ಮೆಟ್ಟಿಲು ಮೆಟ್ಟಿಲಾಗಿ ಬೆಲೆ ಏರುತ್ತದೆಂಬ ಈ ನಿಲುವೇ ನನಗೆ ಸರಿಯೆನಿಸುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಲೋಕದಲ್ಲಿ ಹಕ್ಕು ಕೇಳುವ ಬೇರೆ ಯಾರೂ ಇನ್ನೊಬ್ಬರ ದೇಹದೊಳಗೆ ಇರುವುದಿಲ್ಲ. ಗರ್ಭಕ್ಕೆ ರಾಜ್ಯ ಕೊಡುವ ಪ್ರತಿಯೊಂದು ರಕ್ಷಣೆಯೂ ಒಬ್ಬ ಹೆಣ್ಣಿನ ದೇಹವನ್ನು ಹಾದೇ ಹೋಗಬೇಕು. ಇದನ್ನು ಮರೆತು ಎರಡು ಜೀವಗಳನ್ನು ಕಾಗದದ ಮೇಲೆ ಸಮವೆಂದು ಬರೆದ ದೇಶ ಐರ್ಲೆಂಡ್. 1983ರ ಸಂವಿಧಾನ ತಿದ್ದುಪಡಿಯಲ್ಲಿ ತಾಯಿಯ ಮತ್ತು ಹುಟ್ಟದ ಮಗುವಿನ ಜೀವದ ಹಕ್ಕು ಸಮಾನವೆಂದು ಅಲ್ಲಿ ಘೋಷಿಸಲಾಯಿತು. ಬೆಳಗಾವಿಯಿಂದ ಹೋಗಿ ಅಲ್ಲಿ ನೆಲೆಸಿದ್ದ ದಂತವೈದ್ಯೆ ಸವಿತಾ ಹಾಲಪ್ಪನವರ್, 2012ರ ಅಕ್ಟೋಬರ್‌ನಲ್ಲಿ 17 ವಾರದ ಗರ್ಭ ಉಳಿಯುವುದಿಲ್ಲವೆಂದು ಖಚಿತವಾದ ಮೇಲೂ, ಭ್ರೂಣದ ಎದೆಬಡಿತ ಇದೆಯೆಂಬ ಕಾರಣಕ್ಕೆ ಗರ್ಭಪಾತ ಸಿಗದೆ, ರಕ್ತಕ್ಕೆ ನಂಜೇರಿ 28ರಂದು ತೀರಿಕೊಂಡರು. ಉಳಿಯಲಾರದ ಜೀವಕ್ಕಾಗಿ ಉಳಿಯಬಹುದಾದ ಜೀವವೂ ಹೋಯಿತು. 2018ರ ಮೇ ತಿಂಗಳ ಜನಮತದಲ್ಲಿ ಐರಿಷ್ ಜನ ಆ ತಿದ್ದುಪಡಿಯನ್ನು ತೆಗೆದುಹಾಕಿದರು.

ನಮ್ಮ ಕಾಯ್ದೆಯಲ್ಲಿ ಅಂಥ ಸಮೀಕರಣವಿಲ್ಲ. ನಮ್ಮ ತೊಡಕು ಹೆಚ್ಚಾಗಿ ಕ್ಯಾಲೆಂಡರಿನದು. ವೈದ್ಯಕೀಯ ಮಂಡಳಿ ಮನವಿ ಬಂದ ಮೂರು ದಿನದೊಳಗೆ ಅಭಿಪ್ರಾಯ ಕೊಡಬೇಕು, ಐದು ದಿನದೊಳಗೆ ಗರ್ಭಪಾತ ನಡೆಯಬೇಕು ಎಂದು 2021ರ ನಿಯಮಗಳು ಹೇಳುತ್ತವೆ. ಆದರೆ ಮಂಡಳಿ ವಾರದ ಮಿತಿಯನ್ನು ಸಡಿಲಿಸಬಲ್ಲದ್ದು ಭ್ರೂಣದ ದೋಷಕ್ಕೆ ಮಾತ್ರ. ಅತ್ಯಾಚಾರಕ್ಕೆ ಒಳಗಾದ ಹದಿನೈದರ ಹುಡುಗಿಯೊಬ್ಬಳು ಬಾಯಿಬಿಡುವ ಹೊತ್ತಿಗೆ 25 ವಾರವಾಗಿದ್ದು ಮಗು ಆರೋಗ್ಯವಾಗಿದ್ದರೆ, ಬಾಗೇಪಲ್ಲಿಯಿಂದಾಗಲಿ ಶ್ರೀನಿವಾಸಪುರದಿಂದಾಗಲಿ ಅವಳ ಮನೆಯವರು ಬೆಂಗಳೂರಿನ ಹೈಕೋರ್ಟಿಗೆ ರಿಟ್ ಹಾಕಬೇಕು. ವಕೀಲರು ಸಿಕ್ಕು, ಅರ್ಜಿ ವಿಚಾರಣೆಗೆ ಬಂದು, ನ್ಯಾಯಾಲಯ ವೈದ್ಯರ ವರದಿ ತರಿಸಿಕೊಳ್ಳುವಷ್ಟರಲ್ಲಿ ಅದು 27 ವಾರವಾಗಿರುತ್ತದೆ. ಮುಂದಿನ ತಿದ್ದುಪಡಿಯಲ್ಲಿ ಮೊದಲು ಆಗಬೇಕಾದದ್ದು, ಅಪ್ರಾಪ್ತೆಯರ ಮತ್ತು ಅತ್ಯಾಚಾರ ಸಂತ್ರಸ್ತೆಯರ ಪ್ರಕರಣಗಳಲ್ಲಿಯೂ ಆ ತೀರ್ಮಾನವನ್ನು ಮಂಡಳಿಯ ಮಟ್ಟದಲ್ಲಿಯೇ, ಅದೇ ಮೂರು ದಿನದೊಳಗೆ ಮುಗಿಸುವ ಅಧಿಕಾರ ಕೊಡುವುದು.